ಮೇಣದ ಮಡಿ

ಫ್ರೀಮಾಂಟ್, ಗ್ಯಾರೇಜು

ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿಬಂದೆ ಎಂದ ಕೂಡಲೇ ಎಲ್ಲರೂ ಆ ಕೆಂಪು ಸೇತುವೆಯ ಬಗ್ಗೆ ಕೇಳುತ್ತಾರೆ. ಸೇತುವೆಯ ಹತ್ತಿರ ಹೋಗಿದ್ದು ನಿಜ. ಆ ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನಗೆ ಕಂಡದ್ದು ನಾಲ್ಕು ಕಂಬಿಗಳು ಮತ್ತು ಫೋಟೋ ತೆಗೆಸಿಕೊಳ್ಳಲು ಬಂದು ಚಳಿಗೆ ನಡುಗುತ್ತಿದ್ದ ಒಬ್ಬ ಮದುಮಗಳು. ಮೂರು ತಿಂಗಳಲ್ಲಿ ನಾನು ಚೆನ್ನಾಗಿ ನೋಡಿದ ಸ್ಥಳ ಒಂದೇ, ನನ್ನ ತಂಗಿ ವತ್ಸಲಾಳ ಮನೆಯ ಗ್ಯಾರೇಜು. ಅದರ ಬಗ್ಗೆಯೇ ಬರೆಯುತ್ತೇನೆ.

ಫ್ರೀಮಾಂಟ್‌ನ ಆ ಬೀದಿಯಲ್ಲಿ ಯಾರೂ ಗ್ಯಾರೇಜಿನಲ್ಲಿ ಕಾರು ಇಡುವುದಿಲ್ಲ. ಕಾರು ಹೊರಗೆ ಬಿಸಿಲು ಕಾಯಿಸಿಕೊಳ್ಳುತ್ತದೆ, ಒಳಗೆ ಅಕ್ಕಿ ಮೂಟೆ, ದಸರಾ ಗೊಂಬೆಗಳ ಪೆಟ್ಟಿಗೆ, ಎರಡನೆಯ ಫ್ರಿಜ್ಜು ಇರುತ್ತವೆ. ವತ್ಸಲಾಳ ಗ್ಯಾರೇಜಿನಲ್ಲಿ ಇವುಗಳ ನಡುವೆ ಒಂದು ಉದ್ದನೆಯ ಮೇಜು, ಅದರ ಮೇಲೆ ಹೊಟ್ಟೆ ಮೇಲೆ ಮಾಡಿ ಮಲಗಿಸಿದ ಎರಡು ಸ್ಕೀಗಳು. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಹಲಗೆಗಳು. ಬೆಟ್ಟದಿಂದ ಧುಮುಕುವ ದಪ್ಪ ಜಾತಿಯವಲ್ಲ, ಬಯಲಿನಲ್ಲಿ ಮೈಲಿಗಟ್ಟಲೆ ಓಡುವ ಸಪೂರ ಜಾತಿಯವು. ಫ್ರೀಮಾಂಟ್‌ನಲ್ಲಿ ಹಿಮವೇ ಬೀಳುವುದಿಲ್ಲ. ಹಿತ್ತಲಿನಲ್ಲಿ ನಿಂಬೆ, ಕರಿಬೇವು ಬೆಳೆಯುತ್ತವೆ. ಹಿಮ ಬೇಕಾದರೆ ಫ್ರೀವೇಯಲ್ಲಿ ನಾಲ್ಕು ಗಂಟೆ ಹೋಗಬೇಕು. ಆದರೂ ಹಿಮದ ಸಿದ್ಧತೆಯೆಲ್ಲ ನಿಂಬೆ ಗಿಡದ ಪಕ್ಕದಲ್ಲೇ ನಡೆಯುತ್ತದೆ.

ನಡೆಸುವವರು ವತ್ಸಲಾಳ ಗಂಡ ರಘುರಾಮ. ನಮ್ಮ ಮೈಸೂರಿನವರೇ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಬಯೋಟೆಕ್ ಲ್ಯಾಬೊಂದರಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು. ಮೊಣಕಾಲು ಕೈಕೊಟ್ಟ ಮೇಲೆ ತಾವು ಸ್ಕೀ ಮಾಡುವುದನ್ನು ಬಿಟ್ಟು ಮೊಮ್ಮಗಳ ಸ್ಕೀಯ ತಳಕ್ಕೆ ವ್ಯಾಕ್ಸು, ಅಂದರೆ ಜಾರಲು ಬೇಕಾದ ಮೇಣ, ಹಚ್ಚುವುದನ್ನು ಹಿಡಿದಿದ್ದಾರೆ. ಮೊಮ್ಮಗಳು ಮೇಧಾ, ವಯಸ್ಸು ಹದಿನೈದು. ಅವಳ ತಾಯಿಗೆ ಎಮರಿವಿಲ್‌ನ ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ, ಶನಿವಾರವೂ ಬಿಡುವಿಲ್ಲ. ಹೀಗಾಗಿ ವಾರದ ಕೊನೆಯ ಎರಡು ದಿನ ಹುಡುಗಿ ಅಜ್ಜಿಯ ಮನೆಯಲ್ಲಿ, ಹೆಚ್ಚಾಗಿ ಅಜ್ಜಿಯ ಗ್ಯಾರೇಜಿನಲ್ಲಿ.

ಮೊದಲು ರೇಸಿಗೆ ಹಚ್ಚುತ್ತಿದ್ದ ವ್ಯಾಕ್ಸಿನಲ್ಲಿ ಫ್ಲೋರಿನ್ ಇರುತ್ತಿತ್ತಂತೆ. ಒದ್ದೆ ಹಿಮದಲ್ಲಿ ಅದರ ಸಮ ಬೇರೊಂದಿಲ್ಲವಂತೆ. ಆದರೆ ಅದು ಮಣ್ಣಿಗೆ ಸೇರಿದರೆ ಕರಗುವುದಿಲ್ಲ, ಕೊಳೆಯುವುದಿಲ್ಲ. ಹಚ್ಚುವವರ ರಕ್ತದಲ್ಲೂ ಉಳಿದುಬಿಡುತ್ತದೆ. ಆದ್ದರಿಂದ ರೇಸುಗಳಲ್ಲಿ ನಿಷೇಧ ಬಂದಿದೆ. ಓಡುವ ಮುಂಚೆ ಸ್ಕೀಯ ತಳವನ್ನು ಒಂದು ಯಂತ್ರಕ್ಕೆ ತಾಗಿಸುತ್ತಾರೆ. ಹಸಿರು ದೀಪ ಬಂದರೆ ಓಡಬಹುದು. ಕೆಂಪು ಬಂದರೆ ಮನೆಗೆ ಹೋಗಬಹುದು.

ಮಾರ್ಚ್ ತಿಂಗಳಲ್ಲಿ ಟ್ರಕೀ ಎಂಬ ಬೆಟ್ಟದೂರಿನ ಹತ್ತಿರ ಮೇಧಾಳ ರೇಸು. ಮೊದಲ ಹತ್ತು ಜನರು ಪ್ರಾಂತ್ಯದ ಟೀಮಿಗೆ ಸೇರುತ್ತಾರೆ. ಹೋದ ವರ್ಷ ಇವಳು ಹನ್ನೊಂದನೆಯವಳು. ಮುಂದಿನ ವರ್ಷಕ್ಕೆ ವಯಸ್ಸು ಮೀರಿ ದೊಡ್ಡವರ ಗುಂಪಿಗೆ ಬೀಳುತ್ತಾಳೆ. ಆದ್ದರಿಂದ ಈ ಸಲವೇ ಆಗಬೇಕು, ಫ್ಲೋರಿನ್ ಇಲ್ಲದೆ ಆಗಬೇಕು.

ಇದೆಲ್ಲ ನನಗೆ ತಿಳಿದದ್ದು ಅಕ್ಕಿಯಿಂದ. ಬಂದ ಮೂರನೆಯ ದಿನ ಅಕ್ಕಿ ತರಲು ಗ್ಯಾರೇಜಿಗೆ ಹೋಗಿ, ವಾಪಸು ಬರುವಾಗ ಮೇಜಿನ ಬಳಿ ನಿಂತೆ. ನೆಲದ ಮೇಲೆ ಹಳದಿ ಟೇಪಿನ ಒಂದು ಗೆರೆ ಇತ್ತು.

"ದೊಡ್ಡಜ್ಜಿ, ಸ್ಟಾಪ್. ಆ ಕಡೆ ಶೆಲ್ಫ್ ಮುಟ್ಟಿದ್ಯಾ?" ಎಂದಳು ಮೇಧಾ.

"ಮುಟ್ಟಿದೆ. ಡಬ್ಬಿ ಅಡ್ಡ ಇತ್ತು, ಸರಿಸಿದೆ."

"ಹಾಗಾದ್ರೆ ಲೈನ್ ಕ್ರಾಸ್ ಮಾಡ್ಬೇಡ. ಯು ಆರ್ ಕಂಟಾಮಿನೇಟೆಡ್."

ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದ ವತ್ಸಲಾ ಹೇಳಿದಳು: "ನಮ್ಮತ್ತೆ ಹೋಗಿ ಇಪ್ಪತ್ತು ವರ್ಷ ಆಯ್ತು ಅಂದ್ಕೊಂಡಿದ್ದೆ ಅಕ್ಕ. ಇಲ್ಲ, ಗ್ಯಾರೇಜಿನಲ್ಲಿ ಕೂತಿದಾರೆ."

ಗೆರೆಯ ಆಚೆ ಹಳೆಯ ವ್ಯಾಕ್ಸು, ಹಳೆಯ ಇಸ್ತ್ರಿ ಪೆಟ್ಟಿಗೆ, ಕೆಂಪು ಟೇಪು ಸುತ್ತಿದ ಬ್ರಷ್ಷುಗಳು. ಈಚೆ ಹೊಸವು, ನೀಲಿ ಟೇಪಿನವು. ಆಚೆಯದು ಈಚೆಯದಕ್ಕೆ ತಾಗಿದರೆ ಮುಗಿಯಿತು. ನಮ್ಮಜ್ಜಿಯ ಮಡಿ ಸೀರೆ ಇದೇ ಥರ ಎತ್ತರದ ಗಳುವಿನ ಮೇಲೆ ಒಣಗುತ್ತಿತ್ತು. ಕಾನ್ವೆಂಟಿನಿಂದ ಬಂದ ನಮ್ಮಿಬ್ಬರನ್ನೂ ಹಿತ್ತಿಲ ಬಾಗಿಲಿನಲ್ಲೇ ತಡೆದು, ಯೂನಿಫಾರ್ಮ್ ಬಿಚ್ಚಿಸಿ, ತಲೆಯ ಮೇಲೊಂದು ಚೊಂಬು ನೀರು ಸುರಿದು ಒಳಗೆ ಬಿಡುತ್ತಿದ್ದಳು. ಮಧ್ಯಾಹ್ನದವರೆಗೆ ಮದರ್ ಸುಪೀರಿಯರ್ ಕೈಕೆಳಗೆ, ಆಮೇಲೆ ಅಜ್ಜಿಯ ಚೊಂಬಿನ ಕೆಳಗೆ. ನಮಗೆ ಅದು ವಿಚಿತ್ರ ಅನ್ನಿಸಿರಲೇ ಇಲ್ಲ. ನೀರು ಬಿದ್ದರೆ ಎಲ್ಲ ಸರಿಹೋಗುತ್ತಿತ್ತು.

ಹಳೆಯ ಸಾಮಾನನ್ನು ಎಸೆಯಬಾರದೇ ಎಂದು ರಘುರಾಮರನ್ನು ಕೇಳಿದೆ.

"ಎಸೆಯೋ ವಸ್ತುವಲ್ಲ ಅಕ್ಕ ಅದು. ಆ ಕುದುರೆ ಕೂದಲಿನ ಬ್ರಷ್ಷು ನನ್ನ ಹತ್ತಿರ ಹದಿನೆಂಟು ವರ್ಷದಿಂದ ಇದೆ."

"ತಾತ ಮ್ಯಾಂಗೋ ಪಲ್ಪ್ ಡಬ್ಬಾನೂ ಎಸೆಯಲ್ಲ," ಎಂದಳು ಮೇಧಾ.

ಎರಡನೆಯ ಫ್ರಿಜ್ಜು

ಹಿಮವಿಲ್ಲದ ಊರಿನಲ್ಲಿ ವ್ಯಾಕ್ಸು ಪರೀಕ್ಷಿಸುವುದು ಹೇಗೆ? ರಘುರಾಮರು ಒಂದು ಬೇಕಿಂಗ್ ಟ್ರೇಗೆ ನೀರು ಚಿಮುಕಿಸಿ ಫ್ರೀಜರಿನಲ್ಲಿ ಇಡುತ್ತಿದ್ದರು. ತುರಿದ ಕಾಯಿಯ ಪೊಟ್ಟಣ, ಅವರೆಕಾಳು, ಮಲಬಾರ್ ಪರೋಟ, ಎಲ್ಲದರ ಮೇಲೆ ಆ ಟ್ರೇ. ಬಿಳಿ ಹಿಮ ಕಟ್ಟಿದ ಮೇಲೆ ಅದನ್ನು ಓರೆಯಾಗಿ ನಿಲ್ಲಿಸಿ, ಹಳೆ ಸ್ಕೀಯಿಂದ ಕತ್ತರಿಸಿದ ತುಂಡುಗಳಿಗೆ ಬೇರೆ ಬೇರೆ ವ್ಯಾಕ್ಸು ಹಚ್ಚಿ ಜಾರಿಬಿಡುವುದು. ಮೇಧಾ ಫೋನಿನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ಓಡಿಸಿ ನೋಡುತ್ತಿದ್ದಳು.

ಸೋಯಾದಿಂದ ಮಾಡಿದ ವ್ಯಾಕ್ಸು ಒಣ ಹಿಮದಲ್ಲಿ ಓಡಿತು, ಸ್ವಲ್ಪ ನೀರಾಡಿದ ಕೂಡಲೇ ನಿಂತಿತು. ಬಾಟಲಿಯಲ್ಲಿ ಬರುವ ದ್ರವದ ವ್ಯಾಕ್ಸು ಮೊದಲ ಎರಡು ಸಲ ಓಡಿ ಮೂರನೆಯ ಸಲ ಸೋತಿತು. ದೇವರ ಮುಂದೆ ಹಚ್ಚುವ ಸಾಮಾನ್ಯ ಮೇಣದಬತ್ತಿಯನ್ನೂ ರಘುರಾಮರು ಬಿಡಲಿಲ್ಲ. ಅದು ನಾವಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ.

ನಾನೂ ಒಂದು ಸಲಹೆ ಕೊಟ್ಟೆ. ನನ್ನದು ಸ್ವಲ್ಪ ವೀಣೆ ಅಭ್ಯಾಸ. ವೀಣೆಯ ಮೆಟ್ಟುಗಳನ್ನು ಕೂರಿಸಲು ಜೇನುಮೇಣಕ್ಕೆ ಕರಿ ಪುಡಿ ಕಲಸುತ್ತಾರೆ. ಬೇಸಿಗೆಗೆ ಗಟ್ಟಿ, ಚಳಿಗೆ ಮೆದು ಎಂದು ಹದ ಬದಲಿಸುತ್ತಾರೆ. ಈ ಮಾತು ಕೇಳಿ ರಘುರಾಮರ ಕಣ್ಣು ಅರಳಿತು. ಇಂಡಿಯನ್ ಗ್ರೋಸರಿಯಲ್ಲಿ ಸಿಗದೆ, ಫಾರ್ಮರ್ಸ್ ಮಾರ್ಕೆಟ್ಟಿನಲ್ಲಿ ಜೇನುಮೇಣ ಹುಡುಕಿ ತಂದರು. ಕಲಸಿದೆವು, ಹಚ್ಚಿದೆವು, ಬಿಟ್ಟೆವು. ತುಂಡು ಟ್ರೇಯ ನಡುವೆ ಹೋಗಿ ಕೂತಿತು. ಟ್ರೇ ಅಲುಗಾಡಿಸಿದರೂ ಏಳಲಿಲ್ಲ.

"ದೊಡ್ಡಜ್ಜಿ, ಇಟ್ಸ್ ಗ್ಲೂ," ಎಂದಳು ಮೇಧಾ, ಬೇಸರವಿಲ್ಲದೆ.

ಸರಿಯೇ. ಮೂರು ಶತಮಾನದಿಂದ ಹಿಡಿದುಕೊಳ್ಳುವುದನ್ನೇ ಕಲಿತ ಮೇಣ ಅದು. ಬಿಟ್ಟುಬಿಡು ಎಂದರೆ ಹೇಗೆ ಬಿಡುತ್ತದೆ.

ಸೌತ್ ಸ್ಯಾನ್ ಫ್ರಾನ್ಸಿಸ್ಕೋ

ರಘುರಾಮರ ಲ್ಯಾಬಿನಲ್ಲಿ ಅವರ ನಂತರ ಬಂದ ಶಾರದಾ ಎಂಬಾಕೆ ಹುಬ್ಬಳ್ಳಿಯವರು. ಲಂಚಿಗೆ ಕರೆದಿದ್ದರು. ಲ್ಯಾಬಿರುವ ಊರಿನ ಬೆಟ್ಟದ ಮೇಲೆ ಊರಿನ ಹೆಸರನ್ನೇ ಬಿಳಿ ಅಕ್ಷರಗಳಲ್ಲಿ ಬರೆದಿದ್ದಾರೆ, ಸ್ಕೂಲಿನ ಹುಡುಗರು ತಮ್ಮ ಪುಸ್ತಕದ ಮೇಲೆ ಹೆಸರು ಬರೆದುಕೊಂಡ ಹಾಗೆ. ಅದರ ಕೆಳಗೆ ಗಾಜಿನ ಕಟ್ಟಡಗಳು. ಕ್ಯಾಂಟೀನಿನಲ್ಲಿ ಎಲ್ಲರೂ ಒಂದೊಂದು ಬಟ್ಟಲು ಸೊಪ್ಪು ಹಿಡಿದು ಕೂತಿದ್ದರು. ಅಮೆರಿಕದ ವಿಜ್ಞಾನಿಗಳು ಹಸುಗಳ ಹಾಗೆ ನಿಧಾನವಾಗಿ ಮೇಯುತ್ತಾರೆ.

"ಏನ್ರೀ ಸರ, ಆ ಫ್ಲೋರಿನ್ ಬಿಳಿ ಪುಡಿ ಇನ್ನೂ ಮನ್ಯಾಗ ಇಟ್ಟೀರೇನು?" ಎಂದರು ಶಾರದಾ ಕೂತ ಕೂಡಲೇ.

"ಒಂದು ಮೂಲೆಯಲ್ಲಿದೆ. ಉಪಯೋಗಿಸಲ್ಲ."

"ಮೂಲ್ಯಾಗ ಅಂದ್ರ ಎಲ್ಲಾ ಕಡೆ ಅಂದಂಗ. ಅದು ನೀರನ್ನೂ ಹತ್ರ ಬಿಡೂದಿಲ್ಲ, ಎಣ್ಣೀನೂ ಬಿಡೂದಿಲ್ಲ. ನೀರು ಬಿದ್ರ ಮುತ್ತಾಗಿ ಉರುಳಿ ಹೋಗ್ತದ. ಅದಕ್ಕ ಹಿಂದ ನೀವು ಗೆದ್ದದ್ದು."

"ಹಾಗಾದ್ರೆ ಅದಕ್ಕೆ ಬದಲಿ?"

"ಬದಲಿ ಹುಡುಕೂದ ತಪ್ಪರೀ. ನೀರನ್ನ ಓಡಸೂ ವ್ಯಾಕ್ಸು ಸಿಗೂದಿಲ್ಲ. ನೀರು ಹೋಗಾಕ ದಾರಿ ಮಾಡಿ ಕೊಡ್ರಿ. ತಳಕ್ಕ ಸಣ್ಣ ಸಣ್ಣ ಗೆರಿ ಹಾಕ್ರಿ. ವ್ಯಾಕ್ಸು ಕಡಿಮಿ, ಬ್ರಷ್ಷು ಜಾಸ್ತಿ." ನನ್ನ ಕಡೆ ತಿರುಗಿ, "ಅಕ್ಕಾರ, ನಿಮ್ಮ ರಂಗೋಲಿ ರೂಳು ಇರ್ತದಲ್ಲ, ಹಂಗ," ಎಂದು ಅಂಗೈಯಲ್ಲಿ ಉರುಳಿಸಿ ತೋರಿಸಿದರು.

ರಘುರಾಮರು ಕಾಗದದ ಕರವಸ್ತ್ರದ ಮೇಲೆ ಬರೆದುಕೊಂಡರು. ತಮ್ಮ ಕುರ್ಚಿಯಲ್ಲಿ ಕೂತವರ ಮಾತನ್ನು ಬರೆದುಕೊಳ್ಳುವುದು ಎಲ್ಲ ಗಂಡಸರಿಗೂ ಆಗುವ ಕೆಲಸವಲ್ಲ. ನನಗೆ ಅವರ ಮೇಲೆ ಗೌರವ ಬಂತು.

ಟ್ರಕೀ, ಮೊದಲ ಸಲ

ಫೆಬ್ರವರಿಯ ಹಿಮ ಹೇಗಿತ್ತೆಂದು ಕೇಳಿದರೆ ಏನು ಹೇಳಲಿ. ಬೆಳ್ಳಗಿತ್ತು. ಕಾನ್ವೆಂಟಿನ ಕ್ರಿಸ್ಮಸ್ ಕಾರ್ಡುಗಳಲ್ಲಿ ನೋಡಿ ನೋಡಿ ನಾನು ಅದರ ಬಗ್ಗೆ ಮೊದಲೇ ಭಾವುಕಳಾಗಿ ಮುಗಿಸಿಬಿಟ್ಟಿದ್ದೆ. ನಿಜವಾದದ್ದನ್ನು ಕಂಡಾಗ ಉಳಿದದ್ದು ಕಾಲಿನ ಚಳಿ ಮಾತ್ರ.

ನನ್ನನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ ಸ್ಟಾಪ್‌ವಾಚ್ ಕೊಟ್ಟರು. ಮೇಧಾ ಒಂದೇ ಇಳಿಜಾರಿನಲ್ಲಿ ಒಂದೇ ಭಂಗಿಯಲ್ಲಿ, ತಳ್ಳದೆ, ಹತ್ತು ಹನ್ನೆರಡು ಸಲ ಜಾರಿಬಂದಳು. ಪ್ರತಿ ಸಲ ಬೇರೆ ವ್ಯಾಕ್ಸು. ಪಕ್ಕದಲ್ಲಿ ಹೋಗುವವರೆಲ್ಲ "ಹಾಯ್" ಎನ್ನುತ್ತಿದ್ದರು. ಇಲ್ಲಿನವರು ಗುರುತಿಲ್ಲದವರಿಗೆ ಧಾರಾಳವಾಗಿ ನಗುತ್ತಾರೆ, ನಿಂತು ಮಾತನಾಡುವುದಿಲ್ಲ. ನಮ್ಮಲ್ಲಿ ನಗುವುದಿಲ್ಲ, ನಿಂತರೆ ಮಾತ್ರ ಊರು, ಗೋತ್ರ, ಮೊಣಕಾಲು ನೋವು ಎಲ್ಲ ಮುಗಿಸಿಯೇ ಹೊರಡುತ್ತಾರೆ.

ಮೂರು ವಾರ ಹೀಗೇ ನಡೆಯಿತು. ಕೊನೆಗೆ ಗೆದ್ದದ್ದು ಬಲು ಸರಳ ವಿಧಾನ. ಬರೀ ಗಟ್ಟಿ ಪ್ಯಾರಫಿನ್ ವ್ಯಾಕ್ಸನ್ನು ಇಸ್ತ್ರಿ ಪೆಟ್ಟಿಗೆಯಿಂದ ಕರಗಿಸಿ ಹಚ್ಚುವುದು, ಆರಿದ ಮೇಲೆ ಕೆರೆಯುವುದು, ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆಯುವುದು. ಹೀಗೆ ಎಂಟು ಹತ್ತು ಸಲ. ಮೇಲೆ ಏನೂ ಉಳಿದಿಲ್ಲ ಅನ್ನಿಸುವವರೆಗೆ. ಕೊನೆಗೆ ಶಾರದಾ ಹೇಳಿದ ರೂಳಿನಿಂದ ಗೆರೆ. ಹಚ್ಚುವುದೇ ತೆಗೆಯಲಿಕ್ಕೆ ಎಂಬ ಈ ಪದ್ಧತಿ ನನಗೆ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. ನನ್ನ ಸ್ಟಾಪ್‌ವಾಚ್ ಮಾತ್ರ ಸುಳ್ಳು ಹೇಳಲಿಲ್ಲ. ಒದ್ದೆ ಹಿಮದಲ್ಲೂ ಆ ಸ್ಕೀ ಹಳೆ ಪುಡಿಯ ವೇಗಕ್ಕೆ ಹತ್ತಿರ ಹತ್ತಿರ ಬಂತು.

"ಸಾಕು," ಎಂದರು ರಘುರಾಮ. ಒಂದೇ ಮಾತು. ಆದರೆ ವಾಪಸು ಬರುವಾಗ ದಾರಿಯುದ್ದಕ್ಕೂ ಗುನುಗುತ್ತಿದ್ದರು.

ಫ್ರೀಮಾಂಟ್, ಶುಕ್ರವಾರ

ರೇಸಿನ ಹಿಂದಿನ ದಿನ ಬೆಳಗ್ಗೆ ಮನೆಯಲ್ಲಿ ನಾನೊಬ್ಬಳೇ. ಮೇಧಾ ಸ್ಕೂಲಿಗೆ, ಗಂಡ ಹೆಂಡತಿ ಡಾಕ್ಟರ ಹತ್ತಿರ. ಸಂಜೆ ಟ್ರಕೀಗೆ ಹೊರಡುವುದಿತ್ತು. ಗ್ಯಾರೇಜಿನಲ್ಲಿ ಎಲ್ಲ ಬ್ರಷ್ಷುಗಳೂ ವ್ಯಾಕ್ಸಿನ ಪುಡಿ ಮೆತ್ತಿಕೊಂಡು ಕೊಳಕಾಗಿದ್ದವು. ಮೂರು ತಿಂಗಳು ಈ ಮನೆಯ ಅನ್ನ ತಿಂದವಳು, ಇಷ್ಟಾದರೂ ಮಾಡೋಣ ಅನ್ನಿಸಿತು. ಗೆರೆಯ ಆಚೆಯವು, ಈಚೆಯವು ಎಲ್ಲವನ್ನೂ ಒಂದು ಬಕೆಟ್ಟಿಗೆ ಹಾಕಿ ಬಿಸಿನೀರು, ಪಾತ್ರೆ ಸೋಪು ಬಿಟ್ಟು ಚೆನ್ನಾಗಿ ತಿಕ್ಕಿ ತೊಳೆದೆ. ನೀರಿಗೆ ಟೇಪುಗಳು ಬಿಚ್ಚಿಕೊಂಡವು. ಬ್ರಷ್ಷುಗಳನ್ನು ನಿಂಬೆ ಗಿಡದ ಕೆಳಗೆ ಒಣಗಿಸಿ, ನೀಲಿ, ಕೆಂಪು ಟೇಪುಗಳನ್ನು ನೆನಪಿದ್ದ ಹಾಗೆ ಮತ್ತೆ ಸುತ್ತಿದೆ. ಒಂದೆರಡರಲ್ಲಿ ಅನುಮಾನ ಬಂತು. ಹೇಗೂ ಎಲ್ಲ ತೊಳೆದಾಗಿದೆಯಲ್ಲ, ಯಾವುದಾದರೇನು ಎಂದುಕೊಂಡೆ. ಹೇಳುವಷ್ಟು ದೊಡ್ಡ ಕೆಲಸವೆಂದು ತೋರಲಿಲ್ಲ. ಹೇಳಲಿಲ್ಲ.

ಟ್ರಕೀ, ರೇಸು

ವತ್ಸಲಾ ಚಳಿಗೆ ಹೆದರಿ ಬರಲಿಲ್ಲ. ನಾವು ಮೂವರೇ. ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಹಿಂಬಾಗಿಲು ತೆರೆದು, ಮೇಧಾ ಸ್ಕೀಗೆ ಕೊನೆಯ ಬ್ರಷ್ಷು ಉಜ್ಜುತ್ತಿದ್ದಳು. ಓಡಲು ಇನ್ನೊಂದು ಗಂಟೆ ಇತ್ತು. ರಘುರಾಮರು ಅವಳ ಬೆನ್ನಿಗೆ ಕಟ್ಟುವ ನಂಬರು ತರಲು ಹೋಗಿದ್ದರು.

ಕಾರಿನ ಮೇಲಿನ ಹಿಮ ಕರಗಿ ಒಂದು ಹನಿ ಬ್ರಷ್ಷಿನ ಮೇಲೆ ಬಿತ್ತು. ಕೂದಲಿನೊಳಗೆ ಇಂಗಲಿಲ್ಲ. ಮುತ್ತಾಗಿ ಉರುಳಿ ಕೆಳಗೆ ಹೋಯಿತು.

ಶಾರದಾ ಹೇಳಿದ್ದು ಆಗ ತಲೆಗೆ ಬಂತು. ನೀರನ್ನೇ ಹತ್ತಿರ ಸೇರಿಸದ ವಸ್ತುವನ್ನು ನಾನು ನೀರಿನಲ್ಲಿ ತೊಳೆದಿದ್ದೆ. ಎಪ್ಪತ್ತೈದು ವರ್ಷದ ನಂಬಿಕೆಯಿಂದ ತೊಳೆದಿದ್ದೆ. ಹಳೆ ಪುಡಿ ಬಿಟ್ಟುಹೋಗುವುದರ ಬದಲು ಒಂದು ಬ್ರಷ್ಷಿನಿಂದ ಇನ್ನೊಂದಕ್ಕೆ ಹರಡಿದ್ದರೆ?

ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಕನ್ಫೆಷನ್‌ಗೆ ಹೋದಾಗ ನಮಗೆ ಮಾರಲ್ ಸೈನ್ಸ್ ಕ್ಲಾಸು ಇರುತ್ತಿತ್ತು. ಆ ಮರದ ಗೂಡಿನೊಳಗೆ ಒಮ್ಮೆ ಮಂಡಿಯೂರಬೇಕೆಂದು ನನಗೆ ಬಹಳ ಆಸೆ. ಆಗ ಹೇಳಿಕೊಳ್ಳಲು ನನ್ನ ಹತ್ತಿರ ಏನೂ ಇರಲಿಲ್ಲ. ಈಗ ಇತ್ತು, ಆದರೆ ಮುಂದೆ ಪರದೆ ಇರಲಿಲ್ಲ, ಹುಡುಗಿಯ ಮುಖ ಇತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಯಂತ್ರಕ್ಕೆ ತಿಳಿದರೂ ನನ್ನ ಹೆಸರು ಹೇಳುತ್ತಿರಲಿಲ್ಲ.

"ಮೇಧಾ," ಎಂದೆ. "ಬ್ರಷ್ಷುಗಳನ್ನ ನಾನು ತೊಳೆದೆ. ನಿನ್ನೆ."

ಅವಳ ಕೈ ನಿಂತಿತು. "ಯಾವುದನ್ನ?"

"ಎಲ್ಲವನ್ನೂ."

"ಟುಗೆದರ್?"

"ಒಂದೇ ಬಕೆಟ್ಟಿನಲ್ಲಿ. ಟೇಪೂ ಬಿಚ್ಚಿಹೋಯ್ತು. ಅಂದಾಜಿನ ಮೇಲೆ ಸುತ್ತಿದೆ."

ಅವಳು ಬ್ರಷ್ಷನ್ನು ನೋಡಿದಳು, ಸ್ಕೀಯನ್ನು ನೋಡಿದಳು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಓಕೆ," ಎಂದಳು. ಓಡಿಹೋಗಿ ಯಂತ್ರದವರನ್ನು ಕೇಳಿದಳು. ಯಂತ್ರ ಒಂದೇ, ಮಕ್ಕಳು ಬಹಳ, ಮುಂಚಿತವಾಗಿ ಯಾರಿಗೂ ನೋಡಿಕೊಡುವುದಿಲ್ಲ, ಸ್ಟಾರ್ಟಿನಲ್ಲೇ ನೋಡುವುದು ಎಂದರಂತೆ. ಅಲ್ಲಿ ಕೆಂಪು ಬಂದರೆ ಬದಲಿಸಲು ಸಮಯವಿಲ್ಲ. ಕೋಚ್ ತಮ್ಮ ಕ್ಲಬ್ಬಿನ ಸ್ಕೀ ಕೊಟ್ಟರು. ಯಾರು ಬೇಕಾದರೂ ಎರವಲು ಪಡೆಯುವಂಥವು, ಅವಳ ತೂಕಕ್ಕಲ್ಲ, ಗೆರೆಯಿಲ್ಲ, ಆದರೆ ಫ್ಲೋರಿನ್ ಕಂಡವಲ್ಲ.

ರಘುರಾಮರು ನಂಬರು ಹಿಡಿದು ಬಂದಾಗ ನಾನೇ ಹೇಳಿದೆ. ಅವರು ಕಾರಿನಲ್ಲಿ ಮಲಗಿದ್ದ ಸ್ಕೀಯ ತಳದ ಮೇಲೆ ಒಮ್ಮೆ ಬೆರಳು ಆಡಿಸಿದರು.

"ಮೂರು ತಿಂಗಳು, ಅಕ್ಕ," ಎಂದರು. ಮೊಮ್ಮಗಳ ಬೆನ್ನಿಗೆ ನಂಬರಿನ ದಾರ ಕಟ್ಟಿದರು.

ಮೇಧಾ ಹದಿಮೂರನೆಯವಳಾಗಿ ಬಂದಳು.

ಎಲ್ಲ ಮುಗಿದು ಜನ ಕರಗಿದ ಮೇಲೆ ಅವಳು ತನ್ನ ಸ್ಕೀಗಳನ್ನು ಹೆಗಲ ಮೇಲೆ ಹೊತ್ತು ಯಂತ್ರದ ಟೆಂಟಿಗೆ ಹೊರಟಳು. ನಾನೂ ಹಿಂದೆ ಹೋದೆ. ಅಲ್ಲಿದ್ದ ಹೆಂಗಸು ಈಗ ಬಿಡುವಾಗಿದ್ದಳು, ಸ್ಯಾಂಡ್‌ವಿಚ್ ಪಕ್ಕಕ್ಕಿಟ್ಟು ಸ್ಕೀ ತೆಗೆದುಕೊಂಡಳು. ಒಂದು ಕಡೆ, ಇನ್ನೊಂದು ಕಡೆ, ನಡುವೆ. ಮೂರು ಸಲವೂ ಹಸಿರು. ಎರಡನೆಯ ಸ್ಕೀಯೂ ಹಸಿರು.

"ಕ್ಲೀನ್," ಎಂದಳು ಹೆಂಗಸು. ಸ್ಕೀಯ ತಳವನ್ನು ಒಮ್ಮೆ ಸವರಿದಳು. "ನೈಸ್ ಬೇಸಸ್. ಯಾರು ವ್ಯಾಕ್ಸ್ ಮಾಡಿದ್ದು?"

"ಮೈ ಗ್ರ್ಯಾಂಡ್‌ಫಾದರ್," ಎಂದಳು ಮೇಧಾ.

ಟೆಂಟಿನ ಹೊರಗೆ ರಘುರಾಮರು ಥರ್ಮಾಸಿನಲ್ಲಿ ಕಾಫಿ ತಂದು ನಿಂತಿದ್ದರು. "ಏನು ಬಂತು?" ಎಂದು ಕೇಳಿದರು.

"ರೆಡ್, ತಾತ," ಎಂದಳು ಮೇಧಾ.

ಅವರು ಉಸಿರು ಬಿಟ್ಟರು. ನನ್ನ ಕಡೆ ತಿರುಗಿದಾಗ ಬೆಳಗಿನಿಂದ ಬಿಗಿದಿದ್ದ ಮುಖ ಸಡಿಲವಾಗಿತ್ತು. "ನೋಡಿ ಅಕ್ಕ. ನೀವು ಹೇಳ್ದೇ ಇದ್ದಿದ್ರೆ ಸ್ಟಾರ್ಟ್ ಲೈನಿನಲ್ಲೇ ಮಾನ ಹೋಗ್ತಿತ್ತು ಮಗೂದು." ಕಾಫಿಯನ್ನು ಮೊದಲು ನನಗೆ ಕೊಟ್ಟರು.

ದಾರಿಯಲ್ಲಿ ಪೆಟ್ರೋಲಿಗೆ ನಿಂತಾಗ, ಅವರು ಹೊರಗಿದ್ದಾಗ, ಮೇಧಾಳನ್ನು ಕೇಳಿದೆ. "ಯಾಕೆ ಹಾಗೆ ಹೇಳಿದೆ? ಸತ್ಯ ಹೇಳಬಹುದಿತ್ತು."

ಅವಳು ಕಿಟಕಿಯಿಂದ ತಾತನನ್ನು ನೋಡುತ್ತಿದ್ದಳು. "ನೀನು ಸತ್ಯ ಹೇಳಿದ್ಯಲ್ಲ ದೊಡ್ಡಜ್ಜಿ. ಇವತ್ತಿಗೆ ಒಬ್ರು ಸಾಕು."

ಸ್ವಲ್ಪ ದೂರ ಹೋದ ಮೇಲೆ ಮುಖವನ್ನು ಜಾಕೆಟ್ಟಿನ ಟೋಪಿಯೊಳಗೆ ಎಳೆದುಕೊಂಡಳು. ಅಳುತ್ತಿದ್ದಳೋ ಮಲಗಿದ್ದಳೋ ನಾನು ನೋಡಲು ಹೋಗಲಿಲ್ಲ.

ಮತ್ತೆ ಗ್ಯಾರೇಜು

ರಘುರಾಮರು ಕನ್ನಡ ಓದುವುದನ್ನು ಬಿಟ್ಟು ಬಹಳ ವರ್ಷವಾಯಿತು, ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ವತ್ಸಲಾ ಓದುತ್ತಾಳೆ. ಅವಳಿಗೆ ನಾನು ಆಗಲೇ ಹೇಳಿದ್ದೇನೆ. "ಇರಲಿ ಬಿಡು, ನಲವತ್ತು ವರ್ಷದಿಂದ ನಾನು ಅವರಿಗೆ ಹೇಳದೇ ಇರೋದು ಬೇಕಾದಷ್ಟಿದೆ," ಎಂದಳು.

ಮರುದಿನ ಭಾನುವಾರ. ತಿಂಡಿ ಮುಗಿಸಿದ ಕೂಡಲೇ ರಘುರಾಮರು ಹದಿನೆಂಟು ವರ್ಷದ ಆ ಬ್ರಷ್ಷು, ಬಿಳಿ ಪುಡಿಯ ಡಬ್ಬಿ, ಹಳೆ ಇಸ್ತ್ರಿ ಪೆಟ್ಟಿಗೆ ಎಲ್ಲವನ್ನೂ ದಪ್ಪ ಚೀಲಕ್ಕೆ ತುಂಬಿ, ಊರಿನವರು ಪೇಂಟು, ಬ್ಯಾಟರಿಯಂಥ ವಿಷದ ಕಸ ಕೊಟ್ಟುಬರುವ ಕಡೆ ಕೊಟ್ಟುಬಂದರು. ಯಾರೂ ಹೇಳಬೇಕಾಗಲಿಲ್ಲ. ಆಮೇಲೆ ಮೇಧಾಳ ಸ್ಕೀಗಳನ್ನು ಮೇಜಿನ ಮೇಲೆ ಮಲಗಿಸಿ ಶುದ್ಧಿ ಮಾಡಲು ನಿಂತರು. ಹೊಸ ವ್ಯಾಕ್ಸು ಕರಗಿಸಿ ಹಚ್ಚುವುದು, ಬಿಸಿ ಇರುವಾಗಲೇ ಕೆರೆದು ತೆಗೆಯುವುದು, ಅದರೊಡನೆ ಒಳಗಿನ ಕೊಳೆಯೂ ಬರುತ್ತದೆ ಎಂದು ಲೆಕ್ಕ. ಏನೂ ಇಲ್ಲದ ಸ್ಕೀಯಿಂದ ಅವರು ಬಹಳ ಶ್ರದ್ಧೆಯಿಂದ ಕೊಳೆ ತೆಗೆದರು. ಮೇಧಾ ಎದುರು ನಿಂತು ಸ್ಕೀಯ ತುದಿಯನ್ನು ಅಲುಗದ ಹಾಗೆ ಹಿಡಿದುಕೊಂಡಿದ್ದಳು. ನಾನು ಅಕ್ಕಿ ಮೂಟೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದೆ. ಗೆರೆಯ ಯಾವ ಕಡೆ ಕೂರಬೇಕೆಂದು ಈ ಸಲ ಯಾರೂ ನನಗೆ ಹೇಳಲಿಲ್ಲ.

ಮೂರನೆಯ ಸಲ ಕೆರೆದ ಮೇಲೆ ರಘುರಾಮರು ಬೆನ್ನು ನೆಟ್ಟಗೆ ಮಾಡಿದರು. "ಈಗ ಹೋಗಿರತ್ತೆ ಅಲ್ವಾ ಪುಟ್ಟಿ? ಮೂರು ಸಾಕಾ?"

ಹುಡುಗಿ ಬಗ್ಗಿ ತಳವನ್ನು ಬೆಳಕಿಗೆ ಹಿಡಿದು, ಎಡಗಡೆಯಿಂದ ಬಲಗಡೆಯವರೆಗೆ ಸಾವಕಾಶವಾಗಿ ನೋಡಿದಳು.

"ಇನ್ನೊಂದ್ಸಲ ಮಾಡೋಣ, ತಾತ," ಎಂದಳು.